ಡೆಸ್ಕ್‌ಟಾಪ್ ಮೇಲೆ ಗೊತ್ತಿಲ್ಲದ ಐಕಾನ್: ಬಿಡೋದಾ, ಅಳಿಸೋದಾ, ಬೇರುಸಹಿತ ಕೀಳೋದಾ?

ಹೋದ ಮಳೆಗಾಲದಲ್ಲಿ ಸಾಗರದಿಂದ ಚಿಕ್ಕಮ್ಮ ಫೋನ್ ಮಾಡಿದರು. "ಕಂಪ್ಯೂಟರ್ ಮೇಲೆ ಹಸಿರು ಬಣ್ಣದ್ದು ಏನೋ ಬಂದು ಕೂತಿದೆ ಕಣೋ. ನಿನ್ನೆ ಇರಲಿಲ್ಲ. ಒತ್ತಿ ನೋಡಲಾ, ಅಳಿಸಿಬಿಡಲಾ?" ಎರಡೂ ಬೇಡ, ಐದು ನಿಮಿಷ ತಡೀರಿ ಅಂದೆ.

ನಮ್ಮ ಕಡೆ ಯಾರ ಮನೆಯ ಕಂಪ್ಯೂಟರ್ ಮುನಿಸಿಕೊಂಡರೂ ಫೋನ್ ಬರೋದು ನನಗೇ. ಅದರಲ್ಲಿ ಈ ಪ್ರಶ್ನೆ ಜಾಸ್ತಿ. ಒತ್ತೋದು ಅಥವಾ ಅಳಿಸೋದು, ಎರಡೇ ದಾರಿ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ನಿಜವಾಗಿ ಆರು ದಾರಿಗಳಿವೆ. ಹಾಗೇ ಬಿಡಬಹುದು. ಬರೀ ಐಕಾನ್ ಅಳಿಸಬಹುದು. ಅದರ ಹಿಂದಿರುವ ಪ್ರೋಗ್ರಾಂ ತೆಗೆಯಬಹುದು. ವೈರಸ್ ಇದೆಯಾ ಅಂತ ಸ್ಕ್ಯಾನ್ ಮಾಡಬಹುದು. ಬೇರೆಯವರಿಗೆ ತೋರಿಸಬಹುದು. ಏನೂ ಆಗದಿದ್ದರೆ ವಿಂಡೋಸನ್ನೇ ರೀಸೆಟ್ ಮಾಡಬಹುದು, ಅಂದರೆ ಹೊಸದಾಗಿ ಹಾಕಬಹುದು. ಇವುಗಳಲ್ಲಿ ಯಾವುದು ಸರಿ ಅನ್ನೋದು ಆ ಐಕಾನ್ ಯಾವುದರ ಕಡೆ ಕೈ ತೋರಿಸುತ್ತಿದೆ ಅನ್ನೋದರ ಮೇಲೆ ನಿಂತಿದೆ. ಅದಕ್ಕೇ ಮೊದಲು ನೋಡಬೇಕು, ಆಮೇಲೆ ಆರಿಸಬೇಕು. ಇಲ್ಲಿ ಹೇಳೋದೆಲ್ಲ ವಿಂಡೋಸ್ 10 ಮತ್ತು 11ರ ಬಗ್ಗೆ. ನಮ್ಮ ಮನೆಗಳಲ್ಲಿ ಇರೋದು ಬಹುಪಾಲು ಅವೇ.

ಒತ್ತದೆ ನೋಡೋದು ಹೇಗೆ

ಐಕಾನ್ ಮೇಲೆ ಒಂದೇ ಸಲ ಕ್ಲಿಕ್ ಮಾಡಿ. ಎರಡು ಸಲ ಬೇಡ. ಆಮೇಲೆ ಕೀಬೋರ್ಡಿನಲ್ಲಿ ಆಲ್ಟ್ ಹಿಡಿದುಕೊಂಡು ಎಂಟರ್ ಒತ್ತಿ. 'ಪ್ರಾಪರ್ಟೀಸ್' ಅನ್ನುವ ಪುಟ್ಟ ಕಿಟಕಿ ತೆರೆಯುತ್ತದೆ. ಬಲಗಡೆ ಕ್ಲಿಕ್ ಮಾಡಿಯೂ ಇಲ್ಲಿಗೆ ಬರಬಹುದು. ಆದರೆ ಕೈ ನಡುಗುವ ಹಿರಿಯರಿಗೆ ಆಲ್ಟ್-ಎಂಟರ್ ಸುಲಭ, ತಪ್ಪಿ ಇನ್ನೇನೋ ಒತ್ತಿಹೋಗುವ ಭಯ ಇರುವುದಿಲ್ಲ.

ಅದಕ್ಕೂ ಮೊದಲು ಐಕಾನಿನ ಎಡಗಡೆ ಕೆಳಮೂಲೆ ನೋಡಿ. ಅಲ್ಲಿ ಚಿಕ್ಕ ಬಾಣದ ಗುರುತು ಇದ್ದರೆ ಅದು ಶಾರ್ಟ್‌ಕಟ್. ಅಂದರೆ ಪ್ರೋಗ್ರಾಂ ಬೇರೆ ಕಡೆ ಇದೆ, ಇದು ಅದರ ಬಾಗಿಲಿಗೆ ಹಾಕಿದ ಬೋರ್ಡ್ ಅಷ್ಟೇ. ಬಾಣ ಇಲ್ಲದಿದ್ದರೆ ಅದು ಬೋರ್ಡ್ ಅಲ್ಲ, ಸಾಮಾನೇ ಅಲ್ಲಿದೆ: ಫೈಲ್, ಫೋಲ್ಡರ್, ಇಲ್ಲವೇ ರೀಸೈಕಲ್ ಬಿನ್ ಥರ ವಿಂಡೋಸ್‌ನದೇ ಐಕಾನ್. ಫೈಲನ್ನು ಅಳಿಸಿದರೆ ಸಾಮಾನೇ ಹೋಗುತ್ತದೆ. ಎಷ್ಟೋ ಜನ ಮಕ್ಕಳ ಪ್ರಾಜೆಕ್ಟ್ ಕಳೆದುಕೊಳ್ಳೋದು ಈ ಬಾಣ ನೋಡದೆ ಅಳಿಸಿ.

ಶಾರ್ಟ್‌ಕಟ್ ಆಗಿದ್ದರೆ ಪ್ರಾಪರ್ಟೀಸ್‌ನಲ್ಲಿ 'ಟಾರ್ಗೆಟ್' ಅನ್ನುವ ಸಾಲು ಕಾಣುತ್ತದೆ. ಇಡೀ ವಿಷಯದ ಜೀವ ಇರೋದು ಆ ಒಂದು ಸಾಲಿನಲ್ಲಿ. ಅದನ್ನು ಪೂರ್ತಿ ಓದಿ. ಸಾಲು ಉದ್ದ ಇದ್ದರೆ ಒಳಗೆ ಕ್ಲಿಕ್ ಮಾಡಿ ಎಂಡ್ ಕೀ ಒತ್ತಿ. ಕೊನೆಯ ಭಾಗದಲ್ಲೇ ಕಳ್ಳ ಅಡಗಿರೋದು ಉಂಟು.

'ಪ್ರೋಗ್ರಾಂ ಫೈಲ್ಸ್' ಅಂತ ಇದ್ದರೆ, ಯಾರೋ ಅಡ್ಮಿನ್ ಅನುಮತಿ ಕೊಟ್ಟು ಹಾಕಿದ ಪ್ರೋಗ್ರಾಂ. ಸಾಮಾನ್ಯವಾಗಿ ಮನೆಯವರೇ ಯಾರೋ 'ಯೆಸ್' ಒತ್ತಿರುತ್ತಾರೆ. 'ಆಪ್‌ಡೇಟಾ' ಅಂತ ಇದ್ದರೆ ಅನುಮತಿ ಕೇಳದೆ ಒಬ್ಬರ ಅಕೌಂಟಿನೊಳಗೆ ಮಾತ್ರ ಕೂತಿದೆ. ಅಷ್ಟಕ್ಕೇ ಗಾಬರಿ ಬೇಡ, ಒಳ್ಳೆಯ ಪ್ರೋಗ್ರಾಂಗಳೂ ಅಲ್ಲಿ ಕೂರುತ್ತವೆ. ಆದರೆ 'ಟೆಂಪ್' ಅನ್ನುವ ಫೋಲ್ಡರ್ ಕಂಡರೆ ಎಚ್ಚರ. ಅದು ತಾತ್ಕಾಲಿಕ ಜಾಗ, ಒಳ್ಳೆಯ ಪ್ರೋಗ್ರಾಂ ಅಲ್ಲಿ ಮನೆ ಮಾಡಲ್ಲ. 'ಪವರ್‌ಶೆಲ್', 'ಡಬ್ಲ್ಯೂಸ್ಕ್ರಿಪ್ಟ್', 'ಎಂಎಸ್‌ಎಚ್‌ಟಿಎ' ಅಂತ, ಅಂದರೆ ಬರೆದಿಟ್ಟ ಆದೇಶಗಳನ್ನು ಓಡಿಸುವ ವಿಂಡೋಸ್‌ನದೇ ಸಾಧನಗಳ ಹೆಸರು ಬಂದು, ಅದರ ಹಿಂದೆ ಅರ್ಥವಾಗದ ಉದ್ದದ ಅಕ್ಷರಮಾಲೆ ಇದ್ದರೆ, ಸೀದಾ ಸ್ಕ್ಯಾನಿಗೆ ಹೋಗಿ. ಬ್ರೌಸರ್ ಐಕಾನ್ ಆಗಿದ್ದು, ಟಾರ್ಗೆಟ್ ಸಾಲಿನ ಕೊನೆಯಲ್ಲಿ ಯಾವುದೋ ಗುರುತಿಲ್ಲದ ವೆಬ್‌ಸೈಟ್ ವಿಳಾಸ ಅಂಟಿಕೊಂಡಿದ್ದರೆ, ಬ್ರೌಸರ್ ತೆರೆದಾಗಲೆಲ್ಲ ನಿಮ್ಮನ್ನು ಅಲ್ಲಿಗೆ ಎಳೆಯಲು ಹಾಗೆ ಮಾಡಿರುತ್ತಾರೆ. ಕೆಲವು ಶಾರ್ಟ್‌ಕಟ್‌ಗಳಲ್ಲಿ ಈ ಸಾಲು ಮಸುಕಾಗಿರುತ್ತದೆ, ತಿದ್ದಲು ಆಗಲ್ಲ. ಅವು ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಸ್ಟೋರ್‌ನಿಂದ ಬಂದವು, ಇಲ್ಲವೇ ವಿಂಡೋಸ್ ಇನ್‌ಸ್ಟಾಲರ್ ಹಾಕಿಟ್ಟವು.

ಅದೇ ಕಿಟಕಿಯ 'ಜನರಲ್' ಪುಟದಲ್ಲಿ 'ಕ್ರಿಯೇಟೆಡ್' ಅಂತ ತಾರೀಕು, ಗಂಟೆ ಇರುತ್ತದೆ. ಚೀಟಿಯಲ್ಲಿ ಬರೆದುಕೊಳ್ಳಿ. ಮುಂದೆ ಬೇಕಾಗುತ್ತದೆ.

ನೋಡೋದರಿಂದಲೇ ಅಪಾಯ ಇಲ್ವಾ ಅಂತ ಕೆಲವರು ಕೇಳುತ್ತಾರೆ. ಒಂದು ಕಾಲದಲ್ಲಿ ಇತ್ತು. 2010ರಲ್ಲಿ ಬಯಲಿಗೆ ಬಂದ ಸ್ಟಕ್ಸ್‌ನೆಟ್ ಅನ್ನುವ ವೈರಸ್ ಇದನ್ನೇ ಬಳಸಿಕೊಂಡಿತ್ತು. ಶಾರ್ಟ್‌ಕಟ್ ಇರುವ ಪೆನ್‌ಡ್ರೈವ್ ತೆರೆದು ಐಕಾನ್ ಪರದೆ ಮೇಲೆ ಮೂಡಿದರೆ ಸಾಕು, ವೈರಸ್ ಒಳಗೆ. ಕ್ಲಿಕ್ಕೇ ಬೇಡ. ಆ ತೂತಿಗೆ ಮೈಕ್ರೋಸಾಫ್ಟ್ 2010ರ ಆಗಸ್ಟಿನಲ್ಲಿ ತೇಪೆ ಹಾಕಿತು, ಅದು ಪೂರ್ತಿ ಮುಚ್ಚದೆ 2015ರಲ್ಲಿ ಮತ್ತೆ ಹಾಕಬೇಕಾಯಿತು. ಹಾಗಾಗಿ ಅಪ್‌ಡೇಟ್ ಆಗಿರುವ ಕಂಪ್ಯೂಟರಿನಲ್ಲಿ ಧೈರ್ಯವಾಗಿ ನೋಡಬಹುದು. ವಿಂಡೋಸ್ 10ಕ್ಕೆ ಸಾಮಾನ್ಯ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ ಅನ್ನೋದು ನೆನಪಿರಲಿ. ಅದರಲ್ಲೇ ಬ್ಯಾಂಕ್ ವ್ಯವಹಾರ ಮಾಡುವವರು ವಿಂಡೋಸ್ 11ಕ್ಕೆ ಹೋಗುವುದು, ಇಲ್ಲವೇ ಮೈಕ್ರೋಸಾಫ್ಟ್ ಕೊಡುವ ಹೆಚ್ಚುವರಿ ಅವಧಿಯ ಅಪ್‌ಡೇಟ್‌ಗೆ ಸೇರಿಕೊಳ್ಳುವುದು ಒಳ್ಳೆಯದು.

ಸುಮ್ನೆ ಬಿಟ್ಟುಬಿಡಬೇಕಾದವು

ನನಗೆ ಬರುವ ಫೋನ್‌ಗಳಲ್ಲಿ ಅರ್ಧಕ್ಕರ್ಧ ಇಂಥವೇ. ವಿಂಡೋಸ್ 11ರಲ್ಲಿ 'ಲರ್ನ್ ಅಬೌಟ್ ದಿಸ್ ಪಿಕ್ಚರ್' ಅನ್ನುವ ಐಕಾನ್ ಹಠಾತ್ತನೆ ಬರುತ್ತದೆ. ಅದು ದಿನಾ ಬದಲಾಗುವ ಹಿನ್ನೆಲೆ ಚಿತ್ರದ ಜೊತೆಗಾರ. ಡಿಲೀಟ್ ಒತ್ತಿದರೂ ಹೋಗಲ್ಲ, ಅದಕ್ಕೇ ಜನ ವೈರಸ್ ಅಂತ ಹೆದರುತ್ತಾರೆ. ಸೆಟ್ಟಿಂಗ್ಸ್‌ನಲ್ಲಿ ಪರ್ಸನಲೈಸೇಶನ್, ಅದರಲ್ಲಿ ಬ್ಯಾಕ್‌ಗ್ರೌಂಡ್‌ಗೆ ಹೋಗಿ 'ವಿಂಡೋಸ್ ಸ್ಪಾಟ್‌ಲೈಟ್' ಬದಲು 'ಪಿಕ್ಚರ್' ಆರಿಸಿದರೆ ತಾನಾಗಿ ಹೋಗುತ್ತದೆ. ಮಸುಕಾಗಿ ಕಾಣುವ 'ಡೆಸ್ಕ್‌ಟಾಪ್.ಐಎನ್‌ಐ' ಎರಡೆರಡು ಕಂಡರೂ ಭಯ ಬೇಡ. ಅದು ಯಾವಾಗಲೂ ಅಲ್ಲೇ ಇತ್ತು, ಅಡಗಿಸಿಟ್ಟ ಫೈಲ್‌ಗಳನ್ನು ತೋರಿಸುವ ಸೆಟ್ಟಿಂಗನ್ನು ಯಾರೋ ಹಾಕಿದ್ದರಿಂದ ಈಗ ಕಾಣುತ್ತಿದೆ. ಮೈಕ್ರೋಸಾಫ್ಟ್ ಎಡ್ಜ್ ಐಕಾನ್ ಅಪ್‌ಡೇಟ್ ಆದಮೇಲೆ ಮತ್ತೆ ಬರುವುದೂ ಮಾಮೂಲು.

ಇನ್ನು ಕೆಲವು ಐಕಾನ್‌ಗಳು ನಿಮಗೆ ಗೊತ್ತಿಲ್ಲದಿದ್ದರೂ ಮನೆಯಲ್ಲಿ ಬೇರೆಯವರಿಗೆ ಬೇಕಾಗಿರುತ್ತವೆ. ಟೆಂಡರ್ ಹಾಕುವ, ಜಿಎಸ್‌ಟಿ ಕಟ್ಟುವ ಮನೆಗಳಲ್ಲಿ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಇರುತ್ತದಲ್ಲ, ಅದರದ್ದೊಂದು ಪ್ರೋಗ್ರಾಂ ಇರುತ್ತದೆ. ಇಂಗ್ಲಿಷ್ ಅಕ್ಷರ, ಅಂಕಿ ಸೇರಿಸಿದ ವಿಚಿತ್ರ ಹೆಸರು. ಅದನ್ನು ತೆಗೆದರೆ ಕಡೆಯ ತಾರೀಕಿನ ದಿನವೇ ಸಹಿ ಕೈ ಕೊಡುತ್ತದೆ. ಅಪ್ಪ ಕನ್ನಡ ಟೈಪ್ ಮಾಡುವ ನುಡಿ ಅಥವಾ ಬರಹ ತಂತ್ರಾಂಶವೂ ಹಾಗೇ. ಹಳೆಯ ಐಕಾನ್ ನೋಡಿ ಮೊಮ್ಮಕ್ಕಳು ತೆಗೆದುಬಿಟ್ಟರೆ ಅದರ ಜೊತೆ ಬಂದ ಅಕ್ಷರ ಶೈಲಿಗಳೂ ಹೋಗಬಹುದು. ಆಗ ಯೂನಿಕೋಡ್ ಅಲ್ಲದ ಹಳೆಯ ಕಡತಗಳು ಓದಲಾಗದ ಚಿಹ್ನೆಗಳಾಗಿ ಕಾಣುತ್ತವೆ. ಮನೆಯವರನ್ನೆಲ್ಲ ಒಂದು ಮಾತು ಕೇಳುವುದು ಯಾವ ಸ್ಕ್ಯಾನರಿಗಿಂತಲೂ ಮೊದಲು ಆಗಬೇಕಾದ ಕೆಲಸ.

ಒನ್‌ಡ್ರೈವ್ ಬಳಸುವವರಿಗೆ ಇನ್ನೊಂದು ಮಾತು. ಅದು ಡೆಸ್ಕ್‌ಟಾಪನ್ನೂ ಬ್ಯಾಕಪ್ ಮಾಡುವಂತೆ ಹೊಂದಿಸಿದ್ದರೆ, ಅದೇ ಅಕೌಂಟ್ ಇರುವ ಬೇರೆ ಲ್ಯಾಪ್‌ಟಾಪಿನ ಐಕಾನ್‌ಗಳು ಇಲ್ಲೂ ಬಂದು ಕೂರುತ್ತವೆ, ಕೆಲವು 'ಕಾಪಿ' ಅಂತ ಬಾಲ ಸೇರಿಸಿಕೊಂಡು. ಇಲ್ಲಿ ಅಳಿಸಿದರೆ ಅಲ್ಲೂ ಹೋಗುತ್ತದೆ.

ಐಕಾನ್ ಅಳಿಸೋದು, ಪ್ರೋಗ್ರಾಂ ತೆಗೆಯೋದು: ಎರಡೂ ಒಂದೇ ಅಲ್ಲ

ಶಾರ್ಟ್‌ಕಟ್ ಅಳಿಸಿದರೆ ಬೋರ್ಡ್ ಹೋಯಿತು, ಅಂಗಡಿ ಹಾಗೇ ಇದೆ. ಪ್ರೋಗ್ರಾಂ ಕಂಪ್ಯೂಟರ್ ಆನ್ ಆದಾಗಲೆಲ್ಲ ಓಡುತ್ತಿದ್ದರೆ ಮುಂದೆಯೂ ಓಡುತ್ತಲೇ ಇರುತ್ತದೆ. ಲಾಭ ಏನೆಂದರೆ ಅರ್ಧ ಸೆಕೆಂಡಿನ ಕೆಲಸ, ತಪ್ಪಾದರೆ ರೀಸೈಕಲ್ ಬಿನ್‌ನಿಂದ ವಾಪಸ್ ತರಬಹುದು. ಹಾಗಾಗಿ ಟಾರ್ಗೆಟ್ ನೋಡಿ, ಇದು ಪ್ರಿಂಟರ್ ಜೊತೆ ಬಂದ 'ಇಂಕ್ ಕೊಳ್ಳಿ' ಐಕಾನ್ ಅಂತ ಖಾತ್ರಿಯಾದರೆ ಅಳಿಸಿ, ಮರೆತುಬಿಡಿ. ಪ್ರಿಂಟರ್ ಪ್ರೋಗ್ರಾಂ ತೆಗೆಯಲು ಹೋದರೆ ಸ್ಕ್ಯಾನಿಂಗ್ ನಿಂತುಹೋಗಬಹುದು. ಅಳಿಸುವಾಗ ಅಡ್ಮಿನ್ ಅನುಮತಿ ಕೇಳಿದರೆ ಅದು ಮನೆಯ ಎಲ್ಲ ಅಕೌಂಟ್‌ಗಳಿಗೂ ಕಾಣುವ ಐಕಾನ್. ನಿಮ್ಮ ಪರದೆಯಲ್ಲಿ ತೆಗೆದರೆ ಎಲ್ಲರ ಪರದೆಯಲ್ಲೂ ಹೋಗುತ್ತದೆ.

ಯಾರೂ ಬೇಕು ಅನ್ನದ ಪ್ರೋಗ್ರಾಂ ಆಗಿದ್ದರೆ ಬೋರ್ಡ್ ಕೀಳುವುದು ಕೆಟ್ಟ ಆಯ್ಕೆ ಅಂತಲೇ ನನ್ನ ಅಭಿಪ್ರಾಯ. ಕಣ್ಣೆದುರಿನ ಗುರುತು ಹೋಗಿ, ಮುಳ್ಳು ಒಳಗೇ ಉಳಿಯುತ್ತದೆ. ಆಗ ಅನ್‌ಇನ್‌ಸ್ಟಾಲ್ ಮಾಡಬೇಕು. ಚಿಕ್ಕಮ್ಮನ ಮನೆಯಲ್ಲಿ ಆಗಿದ್ದೂ ಅದೇ.

ಅವರಿಂದ ಟಾರ್ಗೆಟ್ ಸಾಲನ್ನು ಒಂದೊಂದೇ ಅಕ್ಷರ ಓದಿಸಿದೆ. ಆಪ್‌ಡೇಟಾ, ಲೋಕಲ್, ಆಮೇಲೆ ಯಾವುದೋ ಹೆಸರು. ಕ್ರಿಯೇಟೆಡ್ ಹಿಂದಿನ ದಿನ ಸಂಜೆ 6 ಗಂಟೆ 12 ನಿಮಿಷ. "ನಿನ್ನೆ ಸಂಜೆ ಕಂಪ್ಯೂಟರ್ ಮುಂದೆ ಯಾರು ಕೂತಿದ್ದರು?" ಅಂದೆ. ಮಗಳು ಕೂತಿದ್ದಳು. ಯಾವುದೋ ಅರ್ಜಿಗೆ ಫೋಟೊ 50 ಕೆಬಿ ಒಳಗೆ ಇರಬೇಕಿತ್ತು. ಫೋಟೊ ಚಿಕ್ಕದು ಮಾಡುವ ಉಚಿತ ಪ್ರೋಗ್ರಾಂ ಹುಡುಕಿ ಇಳಿಸಿಕೊಂಡಿದ್ದಳು. ನೆಕ್ಸ್ಟ್, ನೆಕ್ಸ್ಟ್, ಫಿನಿಶ್. ಅರ್ಜಿ ತುಂಬುವ ಅವಸರದಲ್ಲಿ ಮೊದಲೇ ಟಿಕ್ ಹಾಕಿಟ್ಟಿದ್ದ ಚೌಕಗಳನ್ನು ಯಾರು ಓದುತ್ತಾರೆ ಹೇಳಿ? ಆ ಹುಡುಗಿಯ ತಪ್ಪೇನಿಲ್ಲ. ಹಾಗೆ ಟಿಕ್ ಹಾಕಿಟ್ಟವರದು ತಪ್ಪು.

ಸೆಟ್ಟಿಂಗ್ಸ್ ತೆರೆದು ಆಪ್ಸ್‌ಗೆ ಹೋದೆವು. ಅಲ್ಲಿ ವಿಂಡೋಸ್ 11ರಲ್ಲಿ 'ಇನ್‌ಸ್ಟಾಲ್ಡ್ ಆಪ್ಸ್' ಅಂತಲೂ, 10ರಲ್ಲಿ 'ಆಪ್ಸ್ ಆ್ಯಂಡ್ ಫೀಚರ್ಸ್' ಅಂತಲೂ ಇರುತ್ತದೆ. ಪಟ್ಟಿಯನ್ನು ಹೆಸರಿನ ಪ್ರಕಾರ ನೋಡಬೇಡಿ, ಇನ್‌ಸ್ಟಾಲ್ ಆದ ತಾರೀಕಿನ ಪ್ರಕಾರ ಜೋಡಿಸಿ. ಚಿಕ್ಕಮ್ಮನ ಪಟ್ಟಿಯಲ್ಲಿ ಹಿಂದಿನ ದಿನದ್ದು ಮೂರು ಇದ್ದವು: ಫೋಟೊದ್ದು, ಹಸಿರು ಐಕಾನಿನದ್ದು, ಇನ್ನೊಂದು ಬ್ರೌಸರಿಗೆ ಅಂಟುವ ಹುಡುಕಾಟದ ಪಟ್ಟಿ. ಐಕಾನ್ ಕಂಡಿದ್ದು ಒಂದು, ಬಂದಿದ್ದು ಮೂರು. ಬರೀ ಐಕಾನ್ ಅಳಿಸಿದ್ದರೆ ಉಳಿದೆರಡು ಗೊತ್ತೇ ಆಗುತ್ತಿರಲಿಲ್ಲ. ಅಂದಹಾಗೆ, ತಾನೇ ಅಪ್‌ಡೇಟ್ ಆಗುವ ಪ್ರೋಗ್ರಾಂಗಳ ತಾರೀಕೂ ಇಲ್ಲಿ ಬದಲಾಗಿರುತ್ತದೆ. ಅದಕ್ಕೇ ಚೀಟಿಯಲ್ಲಿ ಬರೆದ ತಾರೀಕಿನ ಜೊತೆ ಹೆಸರನ್ನೂ ತಾಳೆ ನೋಡಿ. ತಾರೀಕು ಹೊಸದು ಅಂತ ಕ್ರೋಮ್ ತೆಗೆದುಬಿಡಬೇಡಿ.

ತೆಗೆಯುವಾಗಲೂ ಪ್ರಶ್ನೆಗಳನ್ನು ಓದಬೇಕು. 'ನಿಜವಾಗಲೂ ಹೋಗಬೇಕಾ? ಉಳಿಸಿಕೊಂಡರೆ ಇಂತಿಂಥ ಲಾಭ' ಅಂತ ದೊಡ್ಡ ಬಣ್ಣದ ಬಟನ್ ಇಟ್ಟು, 'ತೆಗೆಯಿರಿ' ಅನ್ನೋದನ್ನು ಮೂಲೆಯಲ್ಲಿ ಬೂದು ಬಣ್ಣದಲ್ಲಿ ಇಟ್ಟಿರುತ್ತಾರೆ. ಮುಗಿದ ಮೇಲೆ ಕಂಪ್ಯೂಟರ್ ಒಮ್ಮೆ ರೀಸ್ಟಾರ್ಟ್ ಮಾಡಿ, ಬ್ರೌಸರಿನ ಎಕ್ಸ್‌ಟೆನ್ಶನ್ ಪಟ್ಟಿಯನ್ನೂ ನೋಡಿ.

ಟಾರ್ಗೆಟ್‌ನಲ್ಲಿ 'ಕ್ರೋಮ್ ಪ್ರಾಕ್ಸಿ' ಅಂತ ಇದ್ದರೆ ಅದು ಬೇರೆ ಪ್ರೋಗ್ರಾಂ ಅಲ್ಲ ಅಂದುಕೊಳ್ಳಿ. ಯಾವುದೋ ವೆಬ್‌ಸೈಟನ್ನು ಆಪ್ ಥರ ಮಾಡಿಟ್ಟಿರುವುದು, ಅಷ್ಟೇ. ಬ್ರೌಸರಿನೊಳಗಿಂದಲೇ ತೆಗೆಯಬಹುದು.

ಸ್ಕ್ಯಾನ್ ಯಾವಾಗ, ಯಾವುದು

ಟಾರ್ಗೆಟ್ ಅನುಮಾನಾಸ್ಪದ ಆಗಿದ್ದರೆ, ಅಥವಾ ಅನ್‌ಇನ್‌ಸ್ಟಾಲ್ ಮಾಡಿದ ಮೇಲೂ ಐಕಾನ್ ಮರಳಿ ಬಂದರೆ ಸ್ಕ್ಯಾನ್ ಬೇಕು. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಅನ್ನುವ ಆಂಟಿವೈರಸ್ ಮನೆಗೆ ಸಾಕು. ಅದರಲ್ಲೇ ಆಯ್ಕೆಗಳಿವೆ. ಕ್ವಿಕ್ ಸ್ಕ್ಯಾನ್ ಕೆಲವು ನಿಮಿಷ, ವೈರಸ್‌ಗಳು ಸಾಮಾನ್ಯವಾಗಿ ಕೂರುವ ಜಾಗ ಮಾತ್ರ ನೋಡುತ್ತದೆ. ಫುಲ್ ಸ್ಕ್ಯಾನ್ ಗಂಟೆಗಟ್ಟಲೆ ತೆಗೆದುಕೊಳ್ಳಬಹುದು, ರಾತ್ರಿ ಹಾಕಿ ಮಲಗಿ. ನನಗೆ ಹೆಚ್ಚು ನಂಬಿಕೆ ಇರೋದು ಆಫ್‌ಲೈನ್ ಸ್ಕ್ಯಾನ್ ಮೇಲೆ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ಹುಡುಕುತ್ತದೆ. ಸುಮಾರು 15 ನಿಮಿಷ. ಓಡುತ್ತಿರುವಾಗ ತಲೆಮರೆಸಿಕೊಳ್ಳುವ ವೈರಸ್‌ಗೆ ಅಲ್ಲಿ ಅಡಗಲು ಕಷ್ಟ. ತೆರೆದ ಕಡತಗಳನ್ನೆಲ್ಲ ಸೇವ್ ಮಾಡಿ ಶುರು ಮಾಡಿ.

ಒಂದೇ ಫೈಲ್ ಬಗ್ಗೆ ಅನುಮಾನ ಇದ್ದರೆ ವೈರಸ್‌ಟೋಟಲ್ ಅನ್ನುವ ಸೈಟ್ ಉಪಯೋಗಕ್ಕೆ ಬರುತ್ತದೆ. 2012ರಿಂದ ಗೂಗಲ್ ಕೈಯಲ್ಲಿದೆ. ಫೈಲ್ ಕೊಟ್ಟರೆ ಹತ್ತಾರು ಕಂಪನಿಗಳ ಆಂಟಿವೈರಸ್‌ಗಳು ಅದರ ಬಗ್ಗೆ ಏನನ್ನುತ್ತವೆ ಅಂತ ತೋರಿಸುತ್ತದೆ. ಪ್ರೋಗ್ರಾಂ ಫೈಲ್‌ಗೆ ಮಾತ್ರ ಬಳಸಿ. ಅಲ್ಲಿ ಹಾಕಿದ್ದು ಬೇರೆಯವರ ಕೈಗೂ ಸಿಗುತ್ತದೆ, ಆಸ್ತಿ ಪತ್ರ, ಆಧಾರ್ ಪ್ರತಿ ಇರುವ ಫೈಲನ್ನು ಹಾಕಲೇಬೇಡಿ. ಇನ್ನೊಂದು ಉಚಿತ ಸಹಾಯ ಕೇಂದ್ರ ಸರ್ಕಾರದ್ದು. ಕಂಪ್ಯೂಟರ್ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಸರ್ಟ್-ಇನ್ ನಡೆಸುವ ಸೈಬರ್ ಸ್ವಚ್ಛತಾ ಕೇಂದ್ರ 2017ರ ಫೆಬ್ರವರಿಯಲ್ಲಿ ಶುರುವಾಯಿತು, ವೈರಸ್ ತೆಗೆಯುವ ಉಪಕರಣಗಳನ್ನು ಕೊಡುತ್ತದೆ. ಯಾವುದೇ ಆದರೂ, ಎರಡು ಆಂಟಿವೈರಸ್‌ಗಳನ್ನು ಸದಾ ಕಾವಲಿಗೆ ಇಡಬೇಡಿ. ಒಂದಕ್ಕೊಂದು ಕಚ್ಚಾಡಿ ಕಂಪ್ಯೂಟರ್ ತೆವಳುತ್ತದೆ.

ಪೆನ್‌ಡ್ರೈವ್ ಕಥೆ ಸ್ವಲ್ಪ ಬೇರೆ. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ತಂದ ಪೆನ್‌ಡ್ರೈವ್ ಹಾಕಿದಾಗ ಫೋಲ್ಡರ್‌ಗಳೆಲ್ಲ ಬಾಣ ಇರುವ ಶಾರ್ಟ್‌ಕಟ್ ಆಗಿದ್ದರೆ ಫೈಲ್‌ಗಳು ಹೋಗಿಲ್ಲ, ವೈರಸ್ ಅವನ್ನು ಅಡಗಿಸಿ ಅದೇ ಹೆಸರಿನ ನಕಲಿ ಬೋರ್ಡ್ ಇಟ್ಟಿದೆ. ಬೋರ್ಡ್ ಒತ್ತಿದರೆ ನಿಮ್ಮ ಫೋಲ್ಡರೂ ತೆರೆಯುತ್ತದೆ, ಜೊತೆಗೆ ವೈರಸ್ಸೂ ಕಂಪ್ಯೂಟರಿಗೆ ಇಳಿಯುತ್ತದೆ. ಇಲ್ಲಿ ಫಾರ್ಮ್ಯಾಟ್ ಮಾಡಲು ಅವಸರ ಪಡಬೇಡಿ. ಮೊದಲು ಡ್ರೈವನ್ನು ಸ್ಕ್ಯಾನ್ ಮಾಡಿ. ಆಮೇಲೆ ಫೋಲ್ಡರ್ ಆಪ್ಶನ್ಸ್‌ನಲ್ಲಿ ಅಡಗಿದ ಫೈಲ್‌ಗಳನ್ನೂ, ಸಿಸ್ಟಂ ಫೈಲ್‌ಗಳನ್ನೂ ಕಾಣುವಂತೆ ಮಾಡಿದರೆ ನಿಮ್ಮವು ಮಸುಕಾಗಿ ಕಾಣುತ್ತವೆ. ಕಾಪಿ ಮಾಡಿಕೊಂಡು ಆಮೇಲೆ ಫಾರ್ಮ್ಯಾಟ್ ಮಾಡಿ.

ಬೇರೆಯವರಿಗೆ ತೋರಿಸುವುದಾದರೆ

ಮನೆಯ ಹುಡುಗರು ದೂರದ ಊರಿನಲ್ಲಿದ್ದರೆ ವಿಂಡೋಸ್‌ನಲ್ಲೇ ಇರುವ 'ಕ್ವಿಕ್ ಅಸಿಸ್ಟ್' ಚೆನ್ನಾಗಿದೆ. ಸಹಾಯ ಮಾಡುವವರು ಫೋನಿನಲ್ಲಿ ಕೋಡ್ ಹೇಳುತ್ತಾರೆ, ನೀವು ಟೈಪ್ ಮಾಡಿ ಒಪ್ಪಿಗೆ ಕೊಟ್ಟರೆ ಅವರಿಗೆ ನಿಮ್ಮ ಪರದೆ ಕಾಣುತ್ತದೆ. ಅಮೆರಿಕದಲ್ಲಿರುವ ಮಗ ಹಾಸನದ ಅಮ್ಮನ ಕಂಪ್ಯೂಟರ್ ನೋಡಲು ಇದಕ್ಕಿಂತ ಸುಲಭದ್ದಿಲ್ಲ. ಗೊತ್ತಿರುವ ಅಂಗಡಿಗೆ ಒಯ್ಯುವುದೂ ಸರಿ, ಆದರೆ "ಫಾರ್ಮ್ಯಾಟ್ ಮಾಡಿಬಿಡೋಣ" ಅಂದರೆ ತಕ್ಷಣ ಒಪ್ಪಬೇಡಿ. ಯಾವ ಪ್ರೋಗ್ರಾಂ ಅಂತ ಮೊದಲು ಕೇಳಿ.

ಪರದೆ ಮೇಲೆ ತಾನಾಗಿ ಮೂಡಿದ ನಂಬರಿಗೆ ಫೋನ್ ಮಾಡುವುದನ್ನು ನಾನು ಆಯ್ಕೆ ಅಂತಲೇ ಲೆಕ್ಕಕ್ಕೆ ಇಡಲ್ಲ. ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಹಾಕುವುದಿಲ್ಲ. ಆ ಕಡೆಯವರು ಮೊದಲು ಕೇಳೋದು ದೂರದಿಂದ ಪರದೆ ನೋಡುವ ಆಪ್ ಹಾಕಿ ಅಂತ. 2019ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕ್ ಅಂಥದ್ದೇ ಆಪ್ ಆದ ಎನಿಡೆಸ್ಕ್ ಹೆಸರು ಹೇಳಿಯೇ ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿತ್ತು. ಆಪ್ ಕೆಟ್ಟದ್ದಲ್ಲ, ಅದನ್ನು ಹಾಕಿಸುವವರ ಉದ್ದೇಶ ಕೆಟ್ಟದ್ದು. ಹಾಗಾಗಿ ನಿಮಗೆ ಗೊತ್ತಿಲ್ಲದೆ ಎನಿಡೆಸ್ಕ್ ಅಥವಾ ಟೀಮ್‌ವ್ಯೂವರ್ ಐಕಾನ್ ಬಂದಿದ್ದರೆ ಅದೇ ಎಲ್ಲಕ್ಕಿಂತ ಗಂಭೀರ. ಮೊದಲು ವೈಫೈ ಆಫ್ ಮಾಡಿ. ಮನೆಯಲ್ಲಿ ಯಾರಾದರೂ ಇಂಥ ಫೋನ್ ಎತ್ತಿದ್ದರಾ ಅಂತ ಬೈಯದೆ ಕೇಳಿ. ಬೈದರೆ ಹೇಳಲ್ಲ. ಹೌದು ಅಂದರೆ ಬೇರೆ ಫೋನಿನಿಂದ ಬ್ಯಾಂಕ್ ಪಾಸ್‌ವರ್ಡ್ ಬದಲಿಸಿ. ಹಣ ಹೋಗಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬೆಳಗಾಗಲಿ ಅಂತ ಕಾಯಬೇಡಿ.

ರೀಸೆಟ್ ಬೇಕೇ ಬೇಕಾ?

ಆಫ್‌ಲೈನ್ ಸ್ಕ್ಯಾನ್ ಆದಮೇಲೂ ಕಾಟ ತಪ್ಪದಿದ್ದರೆ, ಅಥವಾ ಅಪರಿಚಿತರು ಒಳಗೆ ಕೈಯಾಡಿಸಿದ್ದು ಖಚಿತವಾದರೆ ಬೇಕು. ಅದಕ್ಕೆ ಮೊದಲು ಒಂದು ಮೆಟ್ಟಿಲಿದೆ, ಸಿಸ್ಟಂ ರಿಸ್ಟೋರ್. ಹಿಂದಿನ ಒಂದು ದಿನದ ಸ್ಥಿತಿಗೆ ಒಯ್ಯುತ್ತದೆ, ಫೋಟೊ, ಕಡತಗಳನ್ನು ಮುಟ್ಟಲ್ಲ. ಆದರೆ ಅದು ಮೊದಲೇ ಆನ್ ಆಗಿದ್ದು, ಆ ದಿನದ ರಿಸ್ಟೋರ್ ಪಾಯಿಂಟ್ ಇದ್ದರೆ ಮಾತ್ರ. ಎಷ್ಟೋ ಕಂಪ್ಯೂಟರುಗಳಲ್ಲಿ ಆಫ್ ಇರುತ್ತದೆ. ಬೇಡದ ಪ್ರೋಗ್ರಾಂ ತೆಗೆಯಲು ಇದು ಪರವಾಗಿಲ್ಲ, ನಿಜವಾದ ವೈರಸ್‌ಗೆ ಇದನ್ನೇ ನಂಬಿ ಕೂರಬೇಡಿ.

ರೀಸೆಟ್‌ನಲ್ಲಿ 'ಕೀಪ್ ಮೈ ಫೈಲ್ಸ್' ಆರಿಸಿದರೆ ಕಡತ ಉಳಿಯುತ್ತವೆ, ನೀವು ಹಾಕಿದ ಪ್ರೋಗ್ರಾಂಗಳೆಲ್ಲ ಹೋಗುತ್ತವೆ. ನುಡಿ, ಟ್ಯಾಲಿ, ಪ್ರಿಂಟರ್, ಡಿಜಿಟಲ್ ಸಹಿ ಎಲ್ಲವನ್ನೂ ಮತ್ತೆ ಹಾಕಬೇಕು. ಕಡತ ಉಳಿಯುತ್ತವೆ ಅಂದರೂ ಫೋಟೊಗಳ ಒಂದು ಪ್ರತಿ ಹೊರಗಿನ ಡಿಸ್ಕಿಗೆ ತೆಗೆದೇ ಕೈ ಹಾಕಿ.

ಚಿಕ್ಕಮ್ಮನ ಮನೆಯಲ್ಲಿ ಅಲ್ಲಿವರೆಗೆ ಹೋಗಲಿಲ್ಲ. ಮೂರೂ ತೆಗೆದು, ಆಫ್‌ಲೈನ್ ಸ್ಕ್ಯಾನ್ ಹಾಕಿ, ಮಗಳಿಗೆ ಬೇರೆ ಅಕೌಂಟ್ ಮಾಡಿಕೊಟ್ಟೆವು, ಅಡ್ಮಿನ್ ಅಧಿಕಾರ ಇಲ್ಲದ್ದು. ಆಪ್‌ಡೇಟಾದಲ್ಲಿ ಕೂರುವಂಥವು ಈಗಲೂ ಅವಳ ಅಕೌಂಟಿಗೆ ಬರಬಹುದು, ಆದರೆ ಚಿಕ್ಕಮ್ಮನ ಪರದೆಗೆ ದಾಟಲ್ಲ. ಫೋಟೊ ಚಿಕ್ಕದು ಮಾಡಲು ವಿಂಡೋಸ್‌ನದೇ ಪೇಂಟ್ ತೆರೆದು 'ರೀಸೈಜ್' ತೋರಿಸಿದೆ. 50 ಕೆಬಿ ಒಳಗೆ ಬಂತು.